ಪದವಿಯ ನಂತರ ವೃತ್ತಿಪರ ಕೋರ್ಸುಗಳಿಗೆ ಪ್ರವೇಶ: ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ತಾಲ್ಲೂಕುಗಳ ಅಭ್ಯರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಬಿ.ಎ., ಬಿ.ಎಸ್ಸಿ., ಬಿ.ಕಾಂ., ಬಿ.ಸಿ.ಎ. ಮುಂತಾದ ಪದವಿ ಅಥವಾ ಡಿಪ್ಲೊಮಾ ಪೂರೈಸಿದ ಅಭ್ಯರ್ಥಿಗಳು ಶಿಕ್ಷಕರ ಶಿಕ್ಷಣ, ಕಾನೂನು, ವ್ಯವಹಾರ ನಿರ್ವಹಣೆ, ಗಣಕ ಅನ್ವಯಿಕೆ ಮತ್ತು ಎಂಜಿನಿಯರಿಂಗ್ ಕೋರ್ಸುಗಳಿಗೆ ಪ್ರವೇಶ ಪಡೆಯುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಪದವಿಗೆ ಸೇರಿದಾಗಲೇ ಮುಂದಿನ ವೃತ್ತಿಪರ ಕೋರ್ಸಿನಲ್ಲಿ ಸೀಟು ಖಚಿತಗೊಳ್ಳುವ ವ್ಯವಸ್ಥೆ ಈ ಕೋರ್ಸುಗಳಲ್ಲಿ ಇರುವುದಿಲ್ಲ. ಕೆಲವು ಕೋರ್ಸುಗಳಿಗೆ ಪದವಿಯ ಅಂಕಗಳ ಆಧಾರದ ಮೇಲೆ, ಉಳಿದವುಗಳಿಗೆ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಆಧಾರದ ಮೇಲೆ ಪ್ರವೇಶ ನೀಡಲಾಗುತ್ತದೆ. ಮೀಸಲಾತಿಯು ಅಭ್ಯರ್ಥಿಯ ಹಕ್ಕಾಗಿದ್ದರೂ, ನಿಗದಿತ ನಮೂನೆಯ ಪ್ರಮಾಣಪತ್ರವನ್ನು ನಿಗದಿತ ದಿನಾಂಕದೊಳಗೆ ಹಾಜರುಪಡಿಸದಿದ್ದಲ್ಲಿ ಅದು ದೊರೆಯುವುದಿಲ್ಲ. ಆದ್ದರಿಂದ ಅಂತಿಮ ವರ್ಷದ ಪದವಿ ವ್ಯಾಸಂಗದ ಅವಧಿಯಲ್ಲಿಯೇ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳುವುದು ಅಗತ್ಯವಾಗಿದೆ.

2. ಅಂಕಗಳ ಆಧಾರದ ಮೇಲೆ ಪ್ರವೇಶ ನೀಡುವ ಕೋರ್ಸುಗಳು

ಅ) ಬಿ.ಇಡಿ.: ಪದವಿಯಲ್ಲಿ ಶೇ. 50ರಷ್ಟು ಅಂಕ ಗಳಿಸಿರತಕ್ಕದ್ದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರ ಅಭ್ಯರ್ಥಿಗಳಿಗೆ ಶೇ. 45. ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕವು ಅರ್ಹತಾ ಪಟ್ಟಿಯ ಮೂಲಕ ಹಂಚಿಕೆ ಮಾಡುತ್ತದೆ. ದಾಖಲೆಗಳ ಪರಿಶೀಲನೆಯು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ ನಡೆಯುತ್ತದೆ. ಬಾಗಲಕೋಟೆ ಜಿಲ್ಲೆಯ ಈ ಸಂಸ್ಥೆಯು ಜಿಲ್ಲಾ ಕೇಂದ್ರದಲ್ಲಿರದೆ ಇಳಕಲ್‌ನಲ್ಲಿದೆ ಎಂಬುದನ್ನು ದೂರದ ಅಭ್ಯರ್ಥಿಗಳು ಗಮನಿಸುವುದು. ಬಿ.ಇಡಿ. ಪೂರೈಸಿದ ಮಾತ್ರಕ್ಕೆ ನೇಮಕಾತಿ ದೊರೆಯುವುದಿಲ್ಲ. 6ರಿಂದ 8ನೇ ತರಗತಿಯ ಶಿಕ್ಷಕ ಹುದ್ದೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿರತಕ್ಕದ್ದು.

ಆ) ಮೂರು ವರ್ಷದ ಎಲ್‌ಎಲ್‌.ಬಿ.: ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಸಾಮಾನ್ಯ ವರ್ಗದವರು ಪದವಿಯಲ್ಲಿ ಕನಿಷ್ಠ ಶೇ. 45, ಇತರೆ ಹಿಂದುಳಿದ ವರ್ಗದವರು ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಶೇ. 40 ಅಂಕ ಪಡೆದಿರಬೇಕು. ಹತ್ತನೇ ತರಗತಿ, ಪಿ.ಯು.ಸಿ. ಎಂಬ ಮೂಲ ಹಂತಗಳಿಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪದವಿ ಪಡೆದವರು ಈ ನಿಯಮಗಳಂತೆ ಅರ್ಹರಲ್ಲ. ರಾಜ್ಯದ ಕಾನೂನು ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್.ಸಿ. ನಂದಿಮಠ ಕಾನೂನು ಕಾಲೇಜು ಇದೆ.

3. ಪ್ರವೇಶ ಪರೀಕ್ಷೆಯ ಆಧಾರದ ಮೇಲೆ ಪ್ರವೇಶ ನೀಡುವ ಕೋರ್ಸುಗಳು

ಅ) ಎಂ.ಬಿ.ಎ. ಮತ್ತು ಎಂ.ಸಿ.ಎ.: ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು (ಪಿಜಿಸಿಇಟಿ) ಬರೆಯತಕ್ಕದ್ದು. ಪದವಿಯಲ್ಲಿ ಶೇ. 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರ ಅಭ್ಯರ್ಥಿಗಳಿಗೆ ಶೇ. 45 ಅಂಕ ಅಗತ್ಯ. ಎಂ.ಸಿ.ಎ. ಕೋರ್ಸಿನ ಅವಧಿಯು 2020-21ನೇ ಸಾಲಿನಿಂದ ಎರಡು ವರ್ಷವಾಗಿರುತ್ತದೆ. ಬಿ.ಸಿ.ಎ. ಪದವಿ ಪಡೆಯದವರು ಪಿ.ಯು.ಸಿ. ಅಥವಾ ಪದವಿ ಹಂತದಲ್ಲಿ ಗಣಿತವನ್ನು ಅಭ್ಯಾಸ ಮಾಡಿರುವುದನ್ನು ಖಚಿತಪಡಿಸಿಕೊಳ್ಳುವುದು.

ಆ) ಎಂಜಿನಿಯರಿಂಗ್ ಎರಡನೇ ವರ್ಷ: ಮೂರು ವರ್ಷದ ಡಿಪ್ಲೊಮಾ ಪೂರೈಸಿದವರು ಡಿಸಿಇಟಿ ಮೂಲಕ ನೇರವಾಗಿ ಎರಡನೇ ವರ್ಷಕ್ಕೆ (ಮೂರನೇ ಸೆಮಿಸ್ಟರ್) ಪ್ರವೇಶ ಪಡೆಯಬಹುದು. ಅರ್ಹತಾ ಅಂಕ ಶೇ. 45, ಮೀಸಲು ವರ್ಗದವರಿಗೆ ಶೇ. 40. ಜಿಲ್ಲೆಯ ಹಳೆಯ ಎಂಜಿನಿಯರಿಂಗ್ ಕಾಲೇಜಾದ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಲ್ಲಿ ಆರಂಭಗೊಂಡಿತು.

ಇ) ವೈದ್ಯಕೀಯ: ಬಿ.ಎಸ್ಸಿ. ಪದವಿಯಿಂದ ಎಂ.ಬಿ.ಬಿ.ಎಸ್.ಗೆ ಯಾವುದೇ ನೇರ ಪ್ರವೇಶವಿಲ್ಲ. ಪದವೀಧರರೂ ಸಹ ನೀಟ್ ಪರೀಕ್ಷೆ ಬರೆದು ಮೊದಲ ವರ್ಷಕ್ಕೇ ಸೇರತಕ್ಕದ್ದು.

4. ಮೀಸಲಾತಿ ಕೋರಿಕೆಯಲ್ಲಿ ಗಮನಿಸಬೇಕಾದ ಅಂಶಗಳು

ಅ) ಗ್ರಾಮೀಣ ಮೀಸಲಾತಿ (ಶೇ. 15): 1ರಿಂದ 10ನೇ ತರಗತಿಯವರೆಗಿನ ಎಲ್ಲ ಹತ್ತು ವರ್ಷಗಳನ್ನೂ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರತಕ್ಕದ್ದು. ಅಭ್ಯರ್ಥಿಯ ಮನೆ ಎಲ್ಲಿದೆ ಎಂಬುದನ್ನಲ್ಲ, ಶಾಲೆ ಎಲ್ಲಿತ್ತು ಎಂಬುದನ್ನು ಪರಿಗಣಿಸಲಾಗುತ್ತದೆ. ಉದಾಹರಣೆಗೆ, ಬಾದಾಮಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ 7ನೇ ತರಗತಿಯವರೆಗೆ ಓದಿ, ಹಳ್ಳಿಯಿಂದಲೇ ದಿನವೂ ಬಸ್ಸಿನಲ್ಲಿ ಹೋಗಿ ಬಾದಾಮಿ ಪಟ್ಟಣದ ಪ್ರೌಢಶಾಲೆಯಲ್ಲಿ ಓದಿದ ವಿದ್ಯಾರ್ಥಿಗೆ ಈ ಸೌಲಭ್ಯ ದೊರೆಯುವುದಿಲ್ಲ. ಬಾಗಲಕೋಟೆ ಮತ್ತು ಇಳಕಲ್ ನಗರಗಳು, ಬಾದಾಮಿ, ಹುನಗುಂದ, ಕೆರೂರಿನಂತಹ ಪಟ್ಟಣಗಳು ಗ್ರಾಮೀಣ ಪ್ರದೇಶವಲ್ಲ.

ಆ) ಕನ್ನಡ ಮಾಧ್ಯಮ ಮೀಸಲಾತಿ (ಶೇ. 5): 1ರಿಂದ 10ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅನ್ವಯಿಸುತ್ತದೆ. ಗ್ರಾಮೀಣ ಸೌಲಭ್ಯಕ್ಕೆ ಅರ್ಹರಲ್ಲದ ಪಟ್ಟಣದ ವಿದ್ಯಾರ್ಥಿಗಳು ಇದನ್ನು ಕೋರಲು ಮರೆಯಬಾರದು. ಈ ಎರಡೂ ಸೌಲಭ್ಯಗಳು ತಮ್ಮ ಕೋರ್ಸಿಗೆ ಯಾವ ರೀತಿ ಅನ್ವಯಿಸುತ್ತವೆ ಎಂಬುದನ್ನು ಆಯಾ ಸಾಲಿನ ಮಾಹಿತಿ ಪುಸ್ತಿಕೆಯಲ್ಲಿ ನೋಡಿಕೊಳ್ಳುವುದು.

ಇ) ಸಂವಿಧಾನದ ಅನುಚ್ಛೇದ 371(ಜೆ): ಬಾಗಲಕೋಟೆ ಜಿಲ್ಲೆಯು ಬೆಳಗಾವಿ ವಿಭಾಗಕ್ಕೆ ಸೇರಿದ್ದು, ಕಲ್ಯಾಣ ಕರ್ನಾಟಕ ಪ್ರದೇಶದ ವ್ಯಾಪ್ತಿಗೆ ಬರುವುದಿಲ್ಲ. ಇಳಕಲ್‌ಗೆ ಹೊಂದಿಕೊಂಡಿರುವ ಕುಷ್ಟಗಿ ತಾಲ್ಲೂಕು ಕೊಪ್ಪಳ ಜಿಲ್ಲೆಗೆ ಸೇರಿರುವುದರಿಂದ ಅಲ್ಲಿನ ಸ್ಥಳೀಯ ಅಭ್ಯರ್ಥಿಗಳು 2013ರ ಆದೇಶದಂತೆ ಆ ಪ್ರದೇಶದ ಸಂಸ್ಥೆಗಳಲ್ಲಿ ಶೇ. 70 ಹಾಗೂ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳಿಗೆ ಅರ್ಹರಾಗಿರುತ್ತಾರೆ. ಗಡಿಯ ಈಚೆಗಿರುವ ಅಭ್ಯರ್ಥಿಗಳು ಅದೇ ಕೋರಿಕೆಯನ್ನು ನಮೂದಿಸಿದಲ್ಲಿ ಪರಿಶೀಲನೆಯಲ್ಲಿ ಅದು ತಿರಸ್ಕೃತವಾಗುತ್ತದೆ. ಆದರೆ ಕೊಪ್ಪಳ ಅಥವಾ ರಾಯಚೂರು ಜಿಲ್ಲೆಯಲ್ಲಿ ಜನಿಸಿ ಈಗ ಇಳಕಲ್ ಅಥವಾ ಹುನಗುಂದದಲ್ಲಿ ನೆಲೆಸಿರುವವರು ಸ್ಥಳೀಯ ವ್ಯಕ್ತಿಯ ಅರ್ಹತಾ ಪ್ರಮಾಣಪತ್ರದ ಬಗ್ಗೆ ಜನ್ಮಸ್ಥಳದ ವ್ಯಾಪ್ತಿಯ ಸಹಾಯಕ ಆಯುಕ್ತರ ಕಚೇರಿಯಲ್ಲಿ ವಿಚಾರಿಸಬಹುದು.

5. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

(1) ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮತ್ತು ಪದವಿಯ ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿಗಳು.

(2) ವ್ಯಾಸಂಗ, ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳು. ಇವುಗಳಿಗೆ ಶಾಲೆಯ ಮುಖ್ಯಸ್ಥರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಇರತಕ್ಕದ್ದು. ಶಾಲೆಯು ಯಾವ ಶೈಕ್ಷಣಿಕ ವಲಯದಲ್ಲಿದೆಯೋ ಆ ವಲಯದ ಅಧಿಕಾರಿಯೇ ಸಹಿ ಮಾಡಬೇಕು. ಎರಡು ತಾಲ್ಲೂಕುಗಳಲ್ಲಿ ಓದಿದವರು ಎರಡೂ ಕಡೆ ಪಡೆಯತಕ್ಕದ್ದು.

(3) ಜಾತಿ ಮತ್ತು ಆದಾಯ ಪ್ರಮಾಣಪತ್ರ. ಇದನ್ನು ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿ ತಹಶೀಲ್ದಾರರಿಂದ ಪಡೆಯುವುದು. ಪ್ರಮಾಣಪತ್ರದ ಮೇಲಿನ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸುವುದರಿಂದ ಅದರಲ್ಲಿನ ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ ಎಂದು ನೋಡಿಕೊಳ್ಳುವುದು. ಇಳಕಲ್ ಪ್ರತ್ಯೇಕ ತಾಲ್ಲೂಕಾಗುವ ಮೊದಲು ಪಡೆದ ಪ್ರಮಾಣಪತ್ರಗಳಲ್ಲಿ ಹುನಗುಂದ ತಾಲ್ಲೂಕು ಎಂದು ನಮೂದಾಗಿರುತ್ತದೆ. ಅವಧಿ ಮುಗಿದಿದ್ದಲ್ಲಿ ಹೊಸದನ್ನು ಪಡೆಯುವುದು.

(4) ದುಡಿಮೆಗಾಗಿ ಗೋವಾ ಅಥವಾ ಮಹಾರಾಷ್ಟ್ರಕ್ಕೆ ತೆರಳಿದ ಕುಟುಂಬಗಳ ಮಕ್ಕಳು ಕರ್ನಾಟಕದಲ್ಲಿ ಓದಿದ ಪ್ರತಿಯೊಂದು ವರ್ಷಕ್ಕೂ ದಾಖಲೆ ಹೊಂದಿರುವುದು ಅವಶ್ಯ. ಸರ್ಕಾರಿ ಸೀಟಿನ ಅರ್ಹತೆಗೆ ರಾಜ್ಯದಲ್ಲಿ ಸಾಮಾನ್ಯವಾಗಿ ಕನಿಷ್ಠ 7 ಶೈಕ್ಷಣಿಕ ವರ್ಷಗಳ ವ್ಯಾಸಂಗವನ್ನು ಕೇಳಲಾಗುತ್ತದೆ.

6. ಸೀಟು ಹಂಚಿಕೆಯ ಸಮಯದಲ್ಲಿ

ಪರೀಕ್ಷಾ ಪ್ರಾಧಿಕಾರದ ಹಂಚಿಕೆಯಲ್ಲಿ ಸೀಟು ದೊರೆತ ನಂತರ ಅಭ್ಯರ್ಥಿಯು ನಾಲ್ಕು ಆಯ್ಕೆಗಳಲ್ಲಿ ಒಂದನ್ನು ನಮೂದಿಸತಕ್ಕದ್ದು. ಒಂದನೆಯದು, ಸೀಟನ್ನು ಒಪ್ಪಿ ಕಾಲೇಜಿಗೆ ಸೇರುವುದು. ಇವರಿಗೆ ಮುಂದಿನ ಸುತ್ತಿನಲ್ಲಿ ಅವಕಾಶವಿಲ್ಲ. ಎರಡನೆಯದು, ಸೀಟನ್ನು ಉಳಿಸಿಕೊಂಡು ಉತ್ತಮ ಸೀಟಿಗಾಗಿ ಮುಂದಿನ ಸುತ್ತಿನಲ್ಲಿ ಭಾಗವಹಿಸುವುದು. ಮೂರನೆಯದು, ಸೀಟನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಕಾಯುವುದು. ನಾಲ್ಕನೆಯದು, ಹಂಚಿಕೆಯಿಂದಲೇ ಹೊರಬರುವುದು. ಮೂರನೇ ಆಯ್ಕೆಯಲ್ಲಿ ಕೈಯಲ್ಲಿದ್ದ ಸೀಟು ಬೇರೆಯವರಿಗೆ ಹೋಗುತ್ತದೆ. ಆದುದರಿಂದ ಈ ಆಯ್ಕೆಯನ್ನು ಬ್ರೌಸಿಂಗ್ ಕೇಂದ್ರದವರಿಗೆ ಬಿಡದೆ ಅಭ್ಯರ್ಥಿಯೇ ಓದಿ ನಮೂದಿಸುವುದು ಸೂಕ್ತ.

7. ವಿಶೇಷ ಸೂಚನೆ

"ಖಚಿತ ಸೀಟು" ಕೊಡಿಸುವುದಾಗಿ ಹೇಳಿ ಮುಂಗಡ ಹಣ ಕೇಳುವ ಮಧ್ಯವರ್ತಿಗಳಿಗೆ ಸರ್ಕಾರಿ ಸೀಟು ಹಂಚಿಕೆಯಲ್ಲಿ ಯಾವುದೇ ಪಾತ್ರವಿಲ್ಲ. ನಿಗದಿತ ಶುಲ್ಕಕ್ಕಿಂತ ಹೆಚ್ಚಿನ ಹಣವನ್ನು ಪ್ರವೇಶಕ್ಕಾಗಿ ಪಡೆಯುವುದನ್ನು ಕರ್ನಾಟಕ ಶಿಕ್ಷಣ ಸಂಸ್ಥೆಗಳ (ಕ್ಯಾಪಿಟೇಷನ್ ಶುಲ್ಕ ನಿಷೇಧ) ಅಧಿನಿಯಮ, 1984 ನಿಷೇಧಿಸಿದೆ. ಪಾವತಿಸಿದ ಪ್ರತಿಯೊಂದು ಶುಲ್ಕಕ್ಕೂ ರಸೀದಿ ಪಡೆಯತಕ್ಕದ್ದು. ಮೂಲ ಅಂಕಪಟ್ಟಿಗಳನ್ನು ಮಧ್ಯವರ್ತಿಗಳ ವಶಕ್ಕೆ ನೀಡಬಾರದು.

ಶುಲ್ಕ ಮರುಪಾವತಿ ಮತ್ತು ವಿದ್ಯಾರ್ಥಿವೇತನಕ್ಕೆ ಪ್ರವೇಶ ಪಡೆದ ನಂತರ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯ ದಿನಾಂಕಗಳು ಮತ್ತು ಶುಲ್ಕಗಳು ಪ್ರತಿ ವರ್ಷ ಬದಲಾಗುವುದರಿಂದ ಆಯಾ ಸಾಲಿನ ಅಧಿಸೂಚನೆಯನ್ನು ಓದಿದ ನಂತರವೇ ಅರ್ಜಿ ಸಲ್ಲಿಸಲು ಕೋರಲಾಗಿದೆ.