ದವಡೆ ಮರೆಯದ ವಿಕಿರಣ

ಸಕಲೇಶಪುರ, ಆಲೂರು ಕಡೆಯ ಗುಡ್ಡದೂರುಗಳಲ್ಲಿ ಅಕ್ಕಿ ರೊಟ್ಟಿ ದಿನನಿತ್ಯದ ಆಹಾರ. ಒಂದು ತುಂಡು ರೊಟ್ಟಿಯನ್ನು ಚಟ್ನಿ, ನೀರು ಏನೂ ಇಲ್ಲದೆ ಅಗಿದು ನುಂಗಿ ನೋಡಿ. ನಿಮಗೆ ಕಷ್ಟವೆನಿಸದು. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸುರಿಸುವ ಗ್ರಂಥಿಗಳು ನಿಮ್ಮ ಬಾಯಿಯಲ್ಲಿವೆ. ಆದರೆ ಬಾಯಿಯ ಅಥವಾ ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು, ರೋಗ ವಾಸಿಯಾಗಿ ಊರಿಗೆ ಮರಳಿದ ಅನೇಕರಿಗೆ ಇದೇ ತುಂಡು ಗಂಟಲಿಗಿಳಿಯುವುದಿಲ್ಲ. ರೊಟ್ಟಿ ಬಾಯೊಳಗೆ ಮರಳಿನಂತೆ ಸುತ್ತುತ್ತದೆ.

ಅಂಥವರೊಬ್ಬರಿಗೆ ಎರಡು ವರ್ಷದ ನಂತರ ಹಲ್ಲುನೋವು ಬಂತೆಂದುಕೊಳ್ಳಿ. ಅವರು ಹತ್ತಿರದ ಪೇಟೆಯ ದಂತವೈದ್ಯರಲ್ಲಿಗೆ ಹೋಗಿ, "ಡಾಕ್ಟ್ರೇ, ಇದನ್ನ ಕಿತ್ತುಬಿಡಿ" ಎನ್ನುತ್ತಾರೆ. ವೈದ್ಯರು ಇಕ್ಕಳ ಕೈಗೆತ್ತಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಬೇಕು: "ಹಿಂದೆ ಯಾವಾಗಲಾದರೂ ಕರೆಂಟ್ ಕೊಡಿಸಿಕೊಂಡಿದ್ದೀರಾ?" (ವಿಕಿರಣ ಚಿಕಿತ್ಸೆಗೆ ಜನರು ಹೇಳುವ ಮಾತು ಇದು. ವಿದ್ಯುತ್ ಪ್ರವಾಹಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಭೌತಶಾಸ್ತ್ರದ ಮೇಷ್ಟರು ತಿದ್ದಬಹುದು; ಆದರೆ ಇಲ್ಲಿ ಆ ಪದವೇ ಹೆಚ್ಚು ಉಪಯುಕ್ತ.) ಎರಡು ವರ್ಷ ಹಿಂದಿನ ಕಿರಣಕ್ಕೂ ಇವತ್ತಿನ ಹಲ್ಲಿಗೂ ಏನು ನಂಟು? ಉತ್ತರ ಸಿಕ್ಕಿದ್ದು ಸುಮಾರು ನೂರು ವರ್ಷಗಳ ಅವಧಿಯಲ್ಲಿ, ಸ್ವಲ್ಪಸ್ವಲ್ಪವಾಗಿ.

ರಾಂಟ್ಜನ್ ಎಕ್ಸ್-ಕಿರಣಗಳನ್ನು ಕಂಡದ್ದು 1895ರಲ್ಲಿ. ಕ್ಯೂರಿ ದಂಪತಿಗಳು ರೇಡಿಯಂ ಕಂಡುಹಿಡಿದದ್ದು 1898ರಲ್ಲಿ. ಎರಡೂ ಬಹುಬೇಗ ಕ್ಯಾನ್ಸರ್ ಚಿಕಿತ್ಸೆಗೆ ಬಂದವು. ಅವುಗಳಿಂದ ದವಡೆಗೆ ಏನಾಗಬಹುದೆಂಬ ಎಚ್ಚರಿಕೆ ಮಾತ್ರ ಆಸ್ಪತ್ರೆಯಿಂದಷ್ಟೇ ಅಲ್ಲ, ಗಡಿಯಾರದ ಕಾರ್ಖಾನೆಯಿಂದಲೂ ಬಂತು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿ ಯುವತಿಯರು ಗಡಿಯಾರದ ಮುಖಫಲಕಗಳಿಗೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಇಟ್ಟು ಎಳೆಯುವುದು ರೂಢಿ. ಕೆಲವರ ಹಲ್ಲು ಸಡಿಲವಾಯಿತು. ಹಲ್ಲು ಕಿತ್ತ ಕುಳಿ ಮಾಯಲಿಲ್ಲ. ದವಡೆಯ ಮೂಳೆ ಕೊಳೆಯತೊಡಗಿತು. 1924ರಲ್ಲಿ ನ್ಯೂಯಾರ್ಕಿನ ಥಿಯೋಡರ್ ಬ್ಲೂಮ್ ಎಂಬ ದಂತವೈದ್ಯ ಇದನ್ನು 'ರೇಡಿಯಂ ದವಡೆ' ಎಂದು ಕರೆದ. ಮರುವರ್ಷ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯ ರೋಗಕ್ಕೆ ವಿಕಿರಣವೇ ಕಾರಣವೆಂದು ತೋರಿಸಿಕೊಟ್ಟ. ಆವರ್ತ ಕೋಷ್ಟಕದಲ್ಲಿ ರೇಡಿಯಂ ಇರುವುದು ಕ್ಯಾಲ್ಸಿಯಮ್ಮಿನ ಗುಂಪಿನಲ್ಲೇ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ. ಅರ್ಧಾಯು 1600 ವರ್ಷ. ಆಲ್ಫಾ ಕಣಗಳ ದಾಳಿಗೆ ಬಿಡುವೇ ಇಲ್ಲ.

ಚಿಕಿತ್ಸೆಯಲ್ಲಿ ಕಿರಣ ಬರುವುದು ಹೊರಗಿನಿಂದ. ಯಂತ್ರ ನಿಂತರೆ ಕಿರಣವೂ ನಿಲ್ಲುತ್ತದೆ. ಆದರೂ ದವಡೆಯ ಮೂಳೆ ಸಾಯುವುದನ್ನು ಪ್ಯಾರಿಸ್ಸಿನ ಕ್ಲಾಡಿಯಸ್ ರೆಗೋ 1922ರಲ್ಲೇ ವರದಿ ಮಾಡಿದ್ದ. ಆಗಿನ ಯಂತ್ರಗಳ ಎಕ್ಸ್-ಕಿರಣಗಳು ಕಡಿಮೆ ಶಕ್ತಿಯವು. ಆ ಶಕ್ತಿಯಲ್ಲಿ ಕಿರಣ ಹೀರಲ್ಪಡುವುದು ಬಹುಮಟ್ಟಿಗೆ ದ್ಯುತಿವಿದ್ಯುತ್ ಪರಿಣಾಮದಿಂದ. ಅದು ಪರಮಾಣು ಸಂಖ್ಯೆಯ ಸುಮಾರು ಮೂರನೆಯ ಘಾತದಂತೆ ಏರುತ್ತದೆ. ಮಾಂಸದ ಸರಾಸರಿ ಪರಮಾಣು ಸಂಖ್ಯೆ ಸುಮಾರು 7.4, ಕ್ಯಾಲ್ಸಿಯಂ, ರಂಜಕಗಳಿರುವ ಮೂಳೆಯದು ಸುಮಾರು 13. ಅನುಪಾತದ ಘನ ತೆಗೆದು ನೋಡಿ, ಐದನ್ನು ಮೀರುತ್ತದೆ. ಎಕ್ಸ್-ಕಿರಣದ ಚಿತ್ರದಲ್ಲಿ ಮೂಳೆ ಎದ್ದು ಕಾಣುವುದು ಈ ಕಾರಣದಿಂದಲೇ. ಚಿತ್ರ ತೆಗೆಯುವವನಿಗೆ ಅನುಕೂಲವಾದದ್ದು ಚಿಕಿತ್ಸೆ ಕೊಡುವವನಿಗೆ ಶಾಪವಾಯಿತು. ಗೆಡ್ಡೆಗೆಂದು ಕಳಿಸಿದ ಕಿರಣದಲ್ಲಿ ದೊಡ್ಡ ಪಾಲನ್ನು ದವಡೆ ನುಂಗಿಬಿಡುತ್ತಿತ್ತು.

1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್-60 ಯಂತ್ರಗಳು ಬಂದವು. ಅದರ ಗಾಮಾ ಕಿರಣಗಳ ಶಕ್ತಿ 1.17 ಮತ್ತು 1.33 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಈ ಶಕ್ತಿಯಲ್ಲಿ ಕಾಂಪ್ಟನ್ ಚದುರಿಕೆಯದೇ ಮೇಲುಗೈ. ಅದಕ್ಕೆ ಪರಮಾಣು ಸಂಖ್ಯೆಯ ಹಂಗು ಹೆಚ್ಚಿಲ್ಲ. ಹಾಗಾಗಿ ಪ್ರತಿ ಗ್ರಾಮಿಗೆ ಮೂಳೆ, ಮಾಂಸ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣ ಹೀರುತ್ತವೆ. ಗರಿಷ್ಠ ಪ್ರಮಾಣ ಬೀಳುವುದು ಚರ್ಮದ ಮೇಲಲ್ಲ, ಅರ್ಧ ಸೆಂಟಿಮೀಟರ್ ಒಳಗೆ. ತರಗತಿಯಲ್ಲಿ ಕಾಂಪ್ಟನ್ ಪರಿಣಾಮ ಪಾಠ ಮಾಡುವ ಅಧ್ಯಾಪಕರು ಈ ಉದಾಹರಣೆಯನ್ನು ಬಿಡಬಾರದು. ಫೋಟಾನಿನ ಶಕ್ತಿ ಬದಲಾದದ್ದರಿಂದ ಎಷ್ಟೋ ದವಡೆಗಳು ಉಳಿದವು.

ಇಲ್ಲಿ ಒಂದು ಲೆಕ್ಕ. ತಲೆ-ಕತ್ತಿನ ಕ್ಯಾನ್ಸರಿಗೆ ಕೊಡುವ ಒಟ್ಟು ಪ್ರಮಾಣ ಸುಮಾರು 70 ಗ್ರೇ, ಅಂದರೆ ಕಿಲೋಗ್ರಾಮಿಗೆ 70 ಜೌಲ್. ಇಷ್ಟನ್ನೂ ಒಮ್ಮೆಗೇ ನೀರಿಗೆ ಕೊಟ್ಟರೆ ಅದರ ಉಷ್ಣತೆ ಏರುವುದು ಒಂದು ಡಿಗ್ರಿಯ ನೂರರಲ್ಲಿ ಎರಡು ಭಾಗಕ್ಕಿಂತ ಕಡಿಮೆ! ಒಂದು ಗುಟುಕು ಬಿಸಿ ಕಾಫಿ ಬಾಯಿಗೆ ಇದಕ್ಕಿಂತ ಎಷ್ಟೋ ಹೆಚ್ಚು ಶಾಖ ಕೊಡುತ್ತದೆ. ಹಾನಿ ಶಾಖದಿಂದಲ್ಲ, ಅಯಾನೀಕರಣದಿಂದ ಡಿಎನ್‌ಎ ಎಳೆಗಳು ತುಂಡಾಗುವುದರಿಂದ.

ಈ ಪ್ರಮಾಣವನ್ನು ಒಂದೇ ದಿನ ಕೊಡುವಂತಿಲ್ಲ. ಸಣ್ಣ ಕಂತುಗಳಲ್ಲಿ ಕೊಟ್ಟರೆ ಆರೋಗ್ಯವಂತ ಜೀವಕೋಶ ರಿಪೇರಿಗೆ ಸಮಯ ಪಡೆಯುತ್ತದೆ ಎಂಬುದನ್ನು ರೆಗೋ ಮತ್ತು ಅವನ ಸಹೋದ್ಯೋಗಿ ಆನ್ರಿ ಕೂತಾರ್ 1920ರ ದಶಕದಲ್ಲಿ ಸ್ಥಾಪಿಸಿದರು. ಇಂದಿಗೂ ಸಾಮಾನ್ಯ ಕ್ರಮ ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಆರೇಳು ವಾರ. ಎರಡನೆಯ ಅಥವಾ ಮೂರನೆಯ ವಾರದಲ್ಲಿ ಬಾಯಿಯ ಲೋಳೆಪೊರೆ ಕೆಂಪಾಗಿ ಹುಣ್ಣಾಗುವುದನ್ನೂ ಕೂತಾರ್ ಗಮನಿಸಿ ಬರೆದಿಟ್ಟ. ಈ ಪೊರೆಯ ಕೋಶಗಳು ಒಂದೆರಡು ವಾರಕ್ಕೊಮ್ಮೆ ಹೊಸದಾಗುತ್ತವೆ. ಬೇಗ ವಿಭಜಿಸುವ ಕೋಶಗಳೇ ವಿಕಿರಣಕ್ಕೆ ಬೇಗ ಬಲಿಯಾಗುತ್ತವೆ ಎಂಬ ಬರ್ಗೋನಿಯೆ-ತ್ರಿಬೊಂದೊ ನಿಯಮ (1906) ಇಲ್ಲಿ ಸರಿಹೊಂದುತ್ತದೆ. ಔಷಧ ಚಿಕಿತ್ಸೆಯ ಕಥೆಯೂ ಅದೇ. ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿದ ಅಮಿನೋಪ್ಟೆರಿನ್ ಅನ್ನು 1948ರಲ್ಲಿ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು ವರದಿ ಮಾಡಿದಾಗ, ಬಾಯಿಹುಣ್ಣು ಅದರ ದುಷ್ಪರಿಣಾಮಗಳ ಪಟ್ಟಿಯಲ್ಲಿತ್ತು. ಈ ಹುಣ್ಣುಗಳು ಬಹುಪಾಲು ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಮಾಯುತ್ತವೆ.

ಮಾಯದಿರುವುದು ಜೊಲ್ಲಿನ ನಷ್ಟ. ಇಲ್ಲಿ 1906ರ ನಿಯಮ ಸೋಲುತ್ತದೆ. ಕಿವಿಯ ಮುಂದಿನ ಪೆರೋಟಿಡ್ ಗ್ರಂಥಿಯ ಕೋಶಗಳು ನಿಧಾನವಾಗಿ ವಿಭಜಿಸುವಂಥವು. ಆದರೂ ಚಿಕಿತ್ಸೆಯ ಮೊದಲ ವಾರದಲ್ಲೇ ಸ್ರಾವ ಇಳಿಯುತ್ತದೆ. ನಿಯಮಕ್ಕೆ ವಿರೋಧವಾದ ಈ ಸಂಗತಿ ಇಂದಿಗೂ ಸಂಶೋಧಕರ ತಲೆ ತಿನ್ನುತ್ತಿದೆ. ಜೊಲ್ಲಿಲ್ಲದ ಬಾಯಿಯಲ್ಲಿ ಆಮ್ಲ ತಟಸ್ಥವಾಗುವುದಿಲ್ಲ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗತೊಡಗುತ್ತದೆ. ವಸಡಿನ ಅಂಚಿನಲ್ಲಿ, ಸಾಮಾನ್ಯವಾಗಿ ಹುಳುಕು ಹಿಡಿಯದ ಜಾಗಗಳಲ್ಲೂ ಹಲ್ಲು ಕೊರೆದುಹೋಗುತ್ತದೆ. ಪ್ರತಿದಿನ ಫ್ಲೋರೈಡ್ ಜೆಲ್ ಹಚ್ಚಿ ಇದನ್ನು ತಡೆಯಬಹುದೆಂದು ಹ್ಯೂಸ್ಟನ್ನಿನ ಸ್ಯಾಮ್ಯುಯೆಲ್ ಡ್ರೈಜನ್ ಮತ್ತು ಸಂಗಡಿಗರು 1977ರಲ್ಲಿ ತೋರಿಸಿದರು.

ಈಗ ಹಲ್ಲು ಕೀಳುವ ಪ್ರಶ್ನೆಗೆ ಬರೋಣ. ಸತ್ತ ದವಡೆಗೆ ಸೋಂಕೇ ಮೂಲ ಕಾರಣವೆಂದು ಬಹುಕಾಲ ನಂಬಲಾಗಿತ್ತು. 1983ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್ ಬೇರೆ ವಿವರಣೆ ಮುಂದಿಟ್ಟ: ವಿಕಿರಣ ಬಿದ್ದ ಮೂಳೆಯಲ್ಲಿ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ, ಕೋಶಗಳು ವಿರಳವಾಗುತ್ತವೆ, ಆಮ್ಲಜನಕ ಕಡಿಮೆಯಾಗುತ್ತದೆ. ಸುಮ್ಮನಿರುವಾಗ ಅಂಥ ಮೂಳೆ ಹೇಗೋ ಬದುಕಿರುತ್ತದೆ. ಹಲ್ಲು ಕಿತ್ತರೆ ಗಾಯ ಮಾಯಿಸುವ ಶಕ್ತಿ ಅದಕ್ಕಿರುವುದಿಲ್ಲ. ರಕ್ತನಾಳಗಳ ಈ ಹಾನಿ ವರ್ಷಗಳು ಕಳೆದಂತೆ ಸರಿಹೋಗುವುದೂ ಇಲ್ಲ. ರಕ್ತಪೂರೈಕೆ ಕಡಿಮೆಯಿರುವ ಕೆಳದವಡೆಗೇ ಅಪಾಯ ಹೆಚ್ಚು. ವಿವರಣೆಯ ಕೆಲವು ಅಂಶಗಳು ನಂತರ ಚರ್ಚೆಗೊಳಗಾಗಿವೆ. ಹಲ್ಲು ಕೀಳುವ ಅಪಾಯದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಇದೇ ಮಾರ್ಕ್ಸ್ 2003ರಲ್ಲಿ ಇನ್ನೊಂದು ಬಗೆಯ ಸತ್ತ ದವಡೆಯನ್ನು ಗುರುತಿಸಿದ. ಈ ರೋಗಿಗಳ ದವಡೆಗೆ ಕಾರಣ ವಿಕಿರಣವಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದಾಗ ಕೊಡುವ ಬಿಸ್ಫಾಸ್ಫೊನೇಟ್ ಔಷಧ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಕಿಪೊಟ್ಟಣದ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಹೊಗೆ ಕುಡಿದ ಕೆಲಸಗಾರರ ದವಡೆ ಹೀಗೇ ಕೊಳೆಯುತ್ತಿತ್ತು. ವಿಯೆನ್ನಾದ ಲೊರಿನ್ಸರ್ ಅದನ್ನು 1845ರಲ್ಲೇ ವರ್ಣಿಸಿದ್ದ. ಹಳೆಯ ರೋಗ ಹೊಸ ಬಾಗಿಲಿನಿಂದ ಬಂದಂತಾಯಿತು.

ನಮ್ಮ ಜಿಲ್ಲೆಗೆ ಇದೆಲ್ಲ ದೂರದ ವಿಷಯವೇನಲ್ಲ. ಎಲೆ-ಅಡಿಕೆ ಮೆಲ್ಲದ ಮನೆ ಮಲೆನಾಡಿನ ಅಂಚಿನಲ್ಲಿ ಕಡಿಮೆ. ಹೊಗೆಸೊಪ್ಪು ಸೇರಿಸುವವರೂ ಇದ್ದಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆ-ಅಡಿಕೆಯನ್ನೂ, 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಹೆಸರಿಸಿತು. ಅಡಿಕೆಯನ್ನೂ ಬೆಳೆಯುವ ಸೀಮೆಯಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೆ ತರಗತಿಯಲ್ಲಿ ಮುಚ್ಚಿಡುವುದೂ ಸರಿಯಲ್ಲ. ಅಡಿಕೆಯಿಂದ ಬಾಯಿಯ ಒಳಪೊರೆ ನಾರುಗಟ್ಟಿ ಬಾಯಿ ತೆರೆಯಲಾಗದವರಿಗೆ ಹಲ್ಲುಜ್ಜುವುದೂ, ದಂತವೈದ್ಯರಿಗೆ ತೋರಿಸುವುದೂ ಕಷ್ಟ.

ಸಕಲೇಶಪುರದಿಂದ ಬೆಂಗಳೂರಿಗೆ ಸುಮಾರು 220 ಕಿ.ಮೀ. 1973ರಲ್ಲಿ ಸ್ಥಾಪನೆಯಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದ ಕಿದ್ವಾಯಿ ಸಂಸ್ಥೆ ಇರುವುದು ಅಲ್ಲಿ. ಆರೇಳು ವಾರ ದಿನವೂ ಹೋಗಿಬರುವ ದೂರವಲ್ಲ. ತೋಟದ ಕೂಲಿ ಬಿಟ್ಟು, ಮನೆಯವರೊಬ್ಬರನ್ನು ಜೊತೆಗಿಟ್ಟುಕೊಂಡು ಅಲ್ಲೇ ಉಳಿಯಬೇಕು. ಯಂತ್ರಗಳು ಈಗ ಬಹಳ ಸುಧಾರಿಸಿವೆ. ಕಿರಣದ ತೀವ್ರತೆಯನ್ನು ಬಿಂದುಬಿಂದುವಿಗೆ ಬದಲಿಸುವ ರೇಖೀಯ ವೇಗವರ್ಧಕಗಳಿಂದ ಪೆರೋಟಿಡ್ ಗ್ರಂಥಿಯ ಸರಾಸರಿ ಪ್ರಮಾಣವನ್ನು ಸುಮಾರು 26 ಗ್ರೇಗಿಂತ ಕೆಳಗಿಡಲು ಯತ್ನಿಸುತ್ತಾರೆ. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ನಂತರ ಗಣನೀಯ ಬಾಯಿಒಣಗು ಉಳಿದವರ ಪ್ರಮಾಣ ಹಳೆಯ ವಿಧಾನದಲ್ಲಿ ಶೇಕಡ 74, ಹೊಸದರಲ್ಲಿ ಶೇಕಡ 38.

ಆದರೆ ದವಡೆಯನ್ನು ಕಾಯುವ ಮುಖ್ಯ ಕೆಲಸಕ್ಕೆ ವೇಗವರ್ಧಕ ಬೇಡ. ಮೊದಲ ಕಿರಣ ಬೀಳುವ ಮುನ್ನ ದಂತವೈದ್ಯರು ಬಾಯಿ ನೋಡಿ, ಉಳಿಯದ ಹಲ್ಲುಗಳನ್ನು ಆಗಲೇ ತೆಗೆಯಬೇಕು. ಗಾಯ ಮಾಯಲು ಎರಡು-ಮೂರು ವಾರ ಬೇಕು. ಗೆಡ್ಡೆ ಅಷ್ಟು ದಿನ ಕಾಯುತ್ತದೆಯೇ ಎಂಬುದು ಪ್ರತಿಯೊಬ್ಬ ರೋಗಿಯಲ್ಲೂ ಹೊಸದಾಗಿ ತೂಗಬೇಕಾದ ಪ್ರಶ್ನೆ. ಹಾಗಾಗಿ ಆಸ್ಪತ್ರೆಗೆ ಹೊರಡುವ ಮೊದಲೇ ಊರಿನಲ್ಲಿ ಹಲ್ಲು ತೋರಿಸಿಕೊಂಡರೆ ಆ ದಿನಗಳು ಉಳಿಯುತ್ತವೆ. ಮರಳಿ ಬಂದವರು ಚಿಕಿತ್ಸೆಯ ಚೀಟಿಯನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಟ್ಟು ದಂತವೈದ್ಯರಿಗೆ ತೋರಿಸಬೇಕು. ಎಷ್ಟು ಗ್ರೇ, ದವಡೆಯ ಯಾವ ಭಾಗಕ್ಕೆ, ಯಾವ ವರ್ಷ ಎಂಬುದು ಅದರಲ್ಲಿರುತ್ತದೆ. ಆಗ ವೈದ್ಯರು ಹಲ್ಲನ್ನು ಕೀಳದೆ, ಬೇರಿನ ಚಿಕಿತ್ಸೆ ಮಾಡಿ ಅಲ್ಲೇ ಉಳಿಸಬಹುದೇ ಎಂದು ಮೊದಲು ನೋಡುತ್ತಾರೆ.