ಬೂದಿಯಾಚೆಗಿನ ಕಾಮಣ್ಣ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮಕ್ಕಳಿಗೆ ಒಲವಿನ ಹಬ್ಬದ ಕಥೆ

ಫಾಲ್ಗುಣದ ಹುಣ್ಣಿಮೆ ಹತ್ತಿರವಾದಂತೆ ಬಯಲುಸೀಮೆಯ ಊರುಗಳಲ್ಲಿ ಸೌದೆ, ಬೆರಣಿ, ಒಣಗಿದ ತೆಂಗಿನ ಗರಿಗಳನ್ನು ಕೂಡಿಹಾಕಲು ಓಡಾಡುವವರು ಮಕ್ಕಳು. ಕಾಮನ ಹುಣ್ಣಿಮೆಯಲ್ಲಿ ದೊಡ್ಡವರು ನಿಂತು ನೋಡುತ್ತಾರೆ, ಹುಡುಗರು ನಡೆಸುತ್ತಾರೆ. ಆದರೆ ಕಾಮಣ್ಣ ಯಾರು, ಅವನನ್ನು ಸುಡುವುದೇಕೆ ಎಂದು ಮಗು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಒಂದೇ ಸಾಲಿನ ಉತ್ತರ: ಕೆಟ್ಟದ್ದನ್ನು ಸುಡುವುದೇ ಹಬ್ಬ. ಈ ಉತ್ತರ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ ಎಂಬುದು ಈ ಲೇಖನದ ವಾದ. ಕಾಮನ ಹಬ್ಬ ಒಲವನ್ನು ಸುಟ್ಟು ಮುಗಿಸಿದ ದಿನದ ನೆನಪಲ್ಲ. ಸುಟ್ಟ ಮೇಲೂ ಉಳಿದು ಮರಳಿ ಬಂದ ಒಲವಿನ ನೆನಪು. ಕನ್ನಡದ ಕಾವ್ಯ ಮತ್ತು ಶಿಲ್ಪ ಇದಕ್ಕೆ ಸಾಕ್ಷಿ ನುಡಿಯುತ್ತವೆ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗೆ ಈ ಮಾತನ್ನು ತನ್ನ ಮಕ್ಕಳಿಗೆ ಹೇಳಿಕೊಡಲು ಬೇಕಾದ ಆಧಾರ ತನ್ನ ಅಂಗಳದಲ್ಲೇ ಇದೆ.

ಮೊದಲು ಆಚರಣೆಯನ್ನೂ ಕಥೆಯನ್ನೂ ಬೇರೆಬೇರೆಯಾಗಿ ನೋಡಬೇಕು. ಇದೇ ಹುಣ್ಣಿಮೆಯ ಬೆಂಕಿಗೆ ಉತ್ತರ ಭಾರತದಲ್ಲಿ ಪ್ರಹ್ಲಾದನ ಸೋದರತ್ತೆ ಹೋಲಿಕಾಳ ಕಥೆಯಿದೆ, ಕರ್ನಾಟಕದಲ್ಲಿ ಮುಖ್ಯವಾಗಿ ಕಾಮದಹನದ ಕಥೆಯಿದೆ. ಬೆಂಕಿ ಒಂದೇ, ಕಥೆ ಎರಡು. ಹಾಗಾದರೆ ಋತುವಿನ ಹಬ್ಬವೇ ಮೊದಲಿದ್ದು, ಕಥೆಗಳು ಆಮೇಲೆ ಅದರ ಸುತ್ತ ಬೆಳೆದಿರಬಹುದೆಂದು ಊಹಿಸಲು ಎಡೆಯಿದೆ. ಕಣದ ಕೆಲಸ ಮುಗಿದು, ಮಾವು ಹೂಬಿಟ್ಟು, ಹೊಂಗೆ ಚಿಗುರಿ, ಮುತ್ತುಗದ ಮರ ಕೆಂಪಾಗುವ ಹೊತ್ತು ಇದು. ಹಿಂದೆ ಓಕುಳಿಗೆ ಬಣ್ಣ ಸಿಗುತ್ತಿದ್ದುದು ಆ ಮುತ್ತುಗದ ಹೂವಿನಿಂದಲೂ ಹೌದು. 7ನೆಯ ಶತಮಾನದ ಹರ್ಷನ ‘ರತ್ನಾವಳಿ’ ನಾಟಕ ಮದನೋತ್ಸವದ ಸಡಗರದಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ಕೌಶಾಂಬಿಯ ಜನ ಬಣ್ಣದ ಪುಡಿ ತೂರುತ್ತಾರೆ, ನೀರೆರಚುತ್ತಾರೆ, ರಾಣಿ ಅಶೋಕ ಮರದಡಿಯಲ್ಲಿ ಕಾಮನನ್ನು ಪೂಜಿಸುತ್ತಾಳೆ. ಅಲ್ಲಿ ಪೂಜೆಗೊಂಡವನೂ ಇಲ್ಲಿ ಬೆಂಕಿಗೆ ಬೀಳುವವನೂ ಒಬ್ಬನೇ ದೇವರು. ಸುಡುವುದೇ ಹಬ್ಬದ ಪೂರ್ಣಾರ್ಥವಾಗಿದ್ದರೆ ಮರುದಿನದ ಓಕುಳಿಗೆ ಅರ್ಥವೇ ಇರುತ್ತಿರಲಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಶಿವನ ಹಣೆಗಣ್ಣು ಕಾಮನನ್ನು ಸುಟ್ಟದ್ದು ವೈರಾಗ್ಯದ ಗೆಲುವಲ್ಲವೇ? ಕಥೆಯನ್ನು ನಡುವೆ ನಿಲ್ಲಿಸಿದರೆ ಹೌದು. ಕಾಳಿದಾಸನ ‘ಕುಮಾರಸಂಭವ’ದಲ್ಲಿ ಕಾಮ ಸುಟ್ಟುಹೋಗುವುದು ಮೂರನೆಯ ಸರ್ಗದಲ್ಲಿ. ನಾಲ್ಕನೆಯದು ಇಡೀ ಅವನ ಹೆಂಡತಿ ರತಿಯ ಅಳಲು. ಬೆಂಕಿಗೆ ಬೀಳಲು ಹೊರಟವಳನ್ನು ಆಕಾಶವಾಣಿ ತಡೆದು, ಶಿವ ಪಾರ್ವತಿಯ ಕೈಹಿಡಿದ ದಿನ ನಿನ್ನ ಗಂಡ ಮರಳುತ್ತಾನೆ ಎನ್ನುತ್ತದೆ. ಏಳನೆಯ ಸರ್ಗದಲ್ಲಿ ಮದುವೆಯೂ ನಡೆಯುತ್ತದೆ, ಕಾಮನಿಗೆ ಶಿವನ ಅನುಗ್ರಹವೂ ದೊರೆಯುತ್ತದೆ. ಕಾಮನನ್ನು ದೇವತೆಗಳು ಕಳಿಸಿದ್ದೇ ತಾರಕಾಸುರನನ್ನು ಕೊಲ್ಲಬಲ್ಲ ಮಗ ಹುಟ್ಟಲೆಂದು. ಲೋಕದ ಕಷ್ಟ ಕಳೆಯಲು ಶಿವನೂ ಒಲಿಯಬೇಕಾಯಿತು. ಕನ್ನಡದಲ್ಲಿ ಹರಿಹರನ ‘ಗಿರಿಜಾಕಲ್ಯಾಣ’ದ ಹೆಸರೇ ಕಥೆಯ ಗುರಿ ಎಲ್ಲಿದೆಯೆಂದು ತೋರಿಸುತ್ತದೆ. ಶಿವಭಕ್ತಿಯ ಆ ಮಹಾಕವಿಗೂ ದಹನ ದಾರಿಯ ನಡುವಿನ ಘಟನೆ, ಕಲ್ಯಾಣವೇ ಕೊನೆ. ಮಕ್ಕಳಿಗೆ ದಹನವನ್ನಷ್ಟೇ ಹೇಳಿ ಕಲ್ಯಾಣವನ್ನು ಬಿಟ್ಟರೆ ಕಾವ್ಯ ಕಟ್ಟಿದ ಅರ್ಥ ತಲೆಕೆಳಗಾಗುತ್ತದೆ.

ಕನ್ನಡ ಇನ್ನೂ ಮುಂದೆ ಹೋಗಿದೆ. 13ನೆಯ ಶತಮಾನದ ಆಂಡಯ್ಯ ಸಂಸ್ಕೃತದ ತತ್ಸಮ ಪದಗಳನ್ನು ದೂರವಿಟ್ಟು ಬರೆದ ‘ಕಬ್ಬಿಗರ ಕಾವ’ದಲ್ಲಿ ಕಾಮನೇ ಗೆಲ್ಲುತ್ತಾನೆ, ಅವನ ಬಾಣ ತಾಗಿ ಶಿವ ಅರ್ಧನಾರಿಯಾಗುತ್ತಾನೆ. ಆಂಡಯ್ಯ ಜೈನ ಕವಿ, ಆದ್ದರಿಂದ ಇದು ಮತದ ಪೈಪೋಟಿ ಮಾತ್ರ ಎನ್ನಬಹುದು. ಪೈಪೋಟಿ ಇದ್ದಿರಬಹುದು. ಆದರೆ ಕೇಳುಗರು ಕಾಮನನ್ನು ದುಷ್ಟನೆಂದೇ ನಂಬಿದ್ದರೆ ಅವನನ್ನು ನಾಯಕನಾಗಿಸುವ ಧೈರ್ಯ ಯಾವ ಕವಿಗೂ ಬರುತ್ತಿರಲಿಲ್ಲ. ಕಡೂರಿನಿಂದ ಬಹು ದೂರವಲ್ಲದ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವನ ಗುಡಿಯ ಮೂಡಣ ಬಾಗಿಲಿನ ಇಕ್ಕೆಲಗಳಲ್ಲಿ ರತಿ ಮನ್ಮಥರಿದ್ದಾರೆ. ದೇವರ ದರ್ಶನಕ್ಕೆ ಹೋಗುವವರನ್ನು ಎದುರುಗೊಳ್ಳುವ ಜಾಗದಲ್ಲಿ ಹೊಯ್ಸಳರು ಇಟ್ಟದ್ದು ಒಲವಿನ ಜೋಡಿಯನ್ನು.

ಇನ್ನು ಈ ಸೀಮೆಯದೇ ಸಾಕ್ಷಿ. ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶ ತನ್ನ ಕಾವ್ಯವನ್ನು ದೇವಪುರದ ಲಕ್ಷ್ಮೀರಮಣನಿಗೆ ಅರ್ಪಿಸಿದ್ದಾನೆ. ಆ ದೇವಪುರ ಕಡೂರು ತಾಲ್ಲೂಕಿನ ದೇವನೂರೇ ಎಂಬುದು ಬಹುಮಂದಿ ವಿದ್ವಾಂಸರ ಮತ. ಅಲ್ಲಿ ಇಂದಿಗೂ ಲಕ್ಷ್ಮೀಕಾಂತನ ಗುಡಿಯಿದೆ. ಲಕ್ಷ್ಮೀಶನಿಗಿರುವ ‘ಕರ್ಣಾಟ ಕವಿಚೂತವನ ಚೈತ್ರ’ ಎಂಬ ಬಿರುದಿನಲ್ಲಿ ವಸಂತವಿದೆ, ಮಾವಿನ ತೋಪಿದೆ. ಮಾವಿನ ಹೂ ಕಾಮನ ಐದು ಬಾಣಗಳಲ್ಲಿ ಒಂದು. ಈ ಕಾವ್ಯದ ಚಂದ್ರಹಾಸನ ಕಥೆ ಮಕ್ಕಳಿಗೆ ಹೇಳಲು ಹೇಳಿಮಾಡಿಸಿದಂತಿದೆ. ಮಂತ್ರಿ ದುಷ್ಟಬುದ್ಧಿ ತನ್ನ ಮಗನಿಗೆ ಓಲೆ ಬರೆದು, ಅದನ್ನು ತಂದವನಿಗೇ ವಿಷ ಕೊಡಲು ಹೇಳುತ್ತಾನೆ. ಓಲೆ ಹೊತ್ತ ಚಂದ್ರಹಾಸ ಉಪವನದಲ್ಲಿ ದಣಿದು ಮಲಗಿರುವಾಗ ಮಂತ್ರಿಯ ಮಗಳು ವಿಷಯೆ ಅದನ್ನು ಓದಿ, ವಿಷವೆಂಬುದು ವಿಷಯೆಯೆಂದಾಗುವಂತೆ ಅಕ್ಷರ ತಿದ್ದುತ್ತಾಳೆ. ಕೊಲೆಯ ಓಲೆ ಮದುವೆಯ ಓಲೆಯಾಗುತ್ತದೆ. ಓಲೆ ಪಡೆದ ಮಗನ ಹೆಸರು ಮದನ, ಕಾಮನದೇ ಹೆಸರು. ಮುಂದೆ ಚಂದ್ರಹಾಸನಿಗೆಂದು ಹೂಡಿದ ಸಂಚಿಗೆ ಆ ಮದನನೇ ಬಲಿಯಾಗುತ್ತಾನೆ, ಚಂದ್ರಹಾಸ ತನ್ನ ತಲೆಯನ್ನೇ ಒಪ್ಪಿಸಲು ಮುಂದಾದಾಗ ದೇವಿ ಒಲಿದು ಮದನನನ್ನು ಬದುಕಿಸುತ್ತಾಳೆ. ಹೆಸರೊಂದರಿಂದಲೇ ಇದು ಕಾಮದಹನದ ಮರುಕಥನ ಎಂದು ಸಾಧಿಸಲಾಗದು. ಕಥೆ ಲಕ್ಷ್ಮೀಶನಿಗಿಂತ ಹಳೆಯದು, ಸಂಸ್ಕೃತ ಜೈಮಿನಿ ಭಾರತದಿಂದ ಬಂದದ್ದು. ಆದರೂ ಮದನ ಸತ್ತು ಮರಳುವ ಈ ನಡೆ ಕಾಮನ ಹಬ್ಬದ ನಡೆಯನ್ನೇ ಹೋಲುತ್ತದೆ, ಪೂರ್ಣ ಕಥೆಯನ್ನು ಮಗುವಿನ ಮನಸ್ಸಿಗೆ ಮುಟ್ಟಿಸಲು ನೆರವಾಗುತ್ತದೆ.

ಕಾಮನ ಮಾತು ಮಕ್ಕಳಿಗೆ ಬೇಡ ಎನ್ನುವವರಿಗೆ ತರೀಕೆರೆ ತಾಲ್ಲೂಕಿನ ಅಮೃತಾಪುರ ಉತ್ತರ ಕೊಡುತ್ತದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಅದು. ಮಂಟಪದ ಕೈಪಿಡಿ ಗೋಡೆಯ ಹೊರಮೈಯಲ್ಲಿ ರಾಮಾಯಣ, ಭಾರತ, ಕೃಷ್ಣನ ಬಾಲಲೀಲೆಗಳು ಸಾಲಾಗಿ ಮೂಡಿವೆ. ಓದು ಬಾರದವರೂ ನಡೆಯುತ್ತ ನೋಡಿ ಕಥೆ ತಿಳಿಯಬಹುದು. ಅಲ್ಲಿ ಅಗಲಿಕೆಯೂ ಇದೆ, ಯುದ್ಧವೂ ಇದೆ. ಕಷ್ಟದ ಸಂಗತಿಗಳನ್ನು ಮಕ್ಕಳಿಂದ ಮುಚ್ಚಿಡದೆ, ಕಥೆಯ ಕ್ರಮದಲ್ಲಿ ಕಾಣಿಸಿ ಅರ್ಥ ಮಾಡಿಸುವುದು ನಮ್ಮ ಹಿರಿಯರ ದಾರಿಯಾಗಿತ್ತು. ಅಲ್ಲಿನ ಶಾಸನ ರಚಿಸಿದವನು ಕವಿ ಜನ್ನ. ಅವನು 1209ರ ‘ಯಶೋಧರ ಚರಿತೆ’ಯಲ್ಲಿ ಹದ ತಪ್ಪಿದ ಮೋಹ ಕೊಲೆಯವರೆಗೂ ಎಳೆಯುವುದನ್ನು ಚಿತ್ರಿಸಿದ. ಒಲವನ್ನು ಗೌರವಿಸುವುದೆಂದರೆ ಅದರ ಅಪಾಯವನ್ನು ಮರೆಯುವುದಲ್ಲ ಎಂಬ ಎಚ್ಚರವೂ ಹೀಗೆ ಈ ಪರಂಪರೆಯೊಳಗೇ ಇದೆ. ಕಾಮನ ಬೆಂಕಿಯನ್ನು ಆ ಎಚ್ಚರವೆಂದು ಓದಬಹುದು, ದ್ವೇಷವೆಂದು ಓದಬೇಕಿಲ್ಲ.

ಹಬ್ಬದ ಹೆಸರಿನಲ್ಲಿ ನಡೆಯುವ ಅಸಭ್ಯ ಕೂಗು, ಬೇಡವೆಂದವರ ಮೇಲೂ ಬಣ್ಣ ಎರಚುವ ಬಲವಂತ ನಿಜ. ಇವನ್ನು ಸಂಪ್ರದಾಯವೆಂದು ಸಮರ್ಥಿಸಬಾರದು. ಒಲವಿನ ಹಬ್ಬವೆಂದು ತಿಳಿದ ಮಗುವಿಗೆ, ಎದುರಿನವರು ಒಪ್ಪದ ಕಡೆ ಒಲವಿಲ್ಲ ಎಂಬುದೂ ಅದೇ ಪಾಠದಲ್ಲಿ ತಿಳಿಯುತ್ತದೆ. ಇನ್ನು ಒಲವಿನ ದಿನವೆಂದರೆ ಫೆಬ್ರವರಿ 14, ಅದು ಹೊರಗಿನದು ಎಂಬ ಮಾತೂ ಕೇಳುತ್ತದೆ. ರೋಮಿನ ಹುತಾತ್ಮನೊಬ್ಬನ ನೆನಪಿನ ಆ ದಿನಕ್ಕೆ ಒಲವಿನ ಬಣ್ಣ ಬಂದದ್ದು 14ನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್, ಹಕ್ಕಿಗಳು ಅಂದು ಜೋಡಿ ಆರಿಸಿಕೊಳ್ಳುತ್ತವೆಂದು ಬರೆದ ಮೇಲೆ. ಅಲ್ಲಿಯೂ ಇಲ್ಲಿಯೂ ಹಬ್ಬಕ್ಕೆ ಅರ್ಥ ಕೊಟ್ಟವರು ಕವಿಗಳೇ. ಹೊರಗಿನದನ್ನು ಹಳಿಯುವುದರಿಂದ ನಮ್ಮದು ಮಕ್ಕಳಿಗೆ ದಕ್ಕುವುದಿಲ್ಲ, ನಮ್ಮ ಕಥೆಯನ್ನು ಪೂರ್ತಿ ಹೇಳಿದರೆ ದಕ್ಕುತ್ತದೆ.

ಆದ್ದರಿಂದ ಕಾಮಣ್ಣನನ್ನು ಸುಡುವುದೇಕೆ ಎಂದು ಸೌದೆ ಹೊತ್ತು ಬಂದ ಮಗು ಕೇಳಿದಾಗ ರತಿಯಿಂದ ಮೊದಲುಮಾಡಬೇಕು. ಒಬ್ಬಳು ತನ್ನ ಗಂಡನನ್ನು ಕಳೆದುಕೊಂಡು ಅತ್ತಳು, ಸುಟ್ಟವನೇ ಕೊನೆಗೆ ಕರಗಿದ, ಹೋದವನು ಮರಳಿದ ಎನ್ನಬೇಕು. ಇರುಳಿನ ಬೆಂಕಿಗೂ ಮರುದಿನದ ಬಣ್ಣಕ್ಕೂ ನಡುವಿನ ನಂಟು ಮಗುವಿಗೆ ಆಗ ತಾನಾಗಿಯೇ ಕಾಣುತ್ತದೆ.