ಜೋಜಿಲಾ ಹತ್ತಿದ ಎರಡು ಬಗೆಯ ಗೇರ್‌ಬಾಕ್ಸ್‌ಗಳು

ಉತ್ತರ ಭಾರತದ ನಗರಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಸ್ವಂತ ವಾಹನ ಹೂಡಿಕೊಂಡು ಲಡಾಖ್‌ಗೆ ಹೊರಡುವವರು ಈಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ವಾಹನ ಕೊಳ್ಳುವ ಹೊತ್ತಿಗೆ ಅವರನ್ನು ಕಾಡುವ ಪ್ರಶ್ನೆಗಳಲ್ಲಿ ಒಂದು, ಹಿಮ ಮತ್ತು ಕಚ್ಚಾ ದಾರಿಗೆ ಮ್ಯಾನ್ಯುಯಲ್ ಗೇರ್ ಮೇಲೋ ಆಟೊಮ್ಯಾಟಿಕ್ ಮೇಲೋ ಎಂಬುದು. ಈ ವಾದದಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳು. ಬೆಟ್ಟದ ದಾರಿಯಲ್ಲಿ ಗೇರು ಚಾಲಕನ ಕೈಯಲ್ಲೇ ಇರಬೇಕು, ಆಟೊಮ್ಯಾಟಿಕ್ ಎಂಬುದು ನಗರದ ಸುಖಜೀವಿಗಳ ಸೌಕರ್ಯ ಎನ್ನುವವರು ಒಂದು ಕಡೆ. ಕ್ಲಚ್ ತುಳಿಯುವ ಕಾಲ ಮುಗಿಯಿತು ಎನ್ನುವವರು ಇನ್ನೊಂದು ಕಡೆ. ಇದು ಇಂದಿನ ವಾದವೆಂದು ಇಬ್ಬರೂ ಭಾವಿಸುತ್ತಾರೆ. ಆದರೆ ಶ್ರೀನಗರದಿಂದ ಲೇಹ್‌ಗೆ ಹೋಗುವವರು ದಾಟುವ ಜೋಜಿಲಾ ಕಣಿವೆದಾರಿಯಲ್ಲಿಯೇ, 1948ರ ನವೆಂಬರ್‌ನಲ್ಲಿ, ಈ ಎರಡು ಬಗೆಯ ಯಂತ್ರಗಳೂ ಒಟ್ಟಿಗೆ ಪರೀಕ್ಷೆಗೆ ಒಳಗಾದವು. ಆ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಿದರೆ ನಮ್ಮ ಪ್ರಶ್ನೆಯ ರೂಪವೇ ಬದಲಾಗುತ್ತದೆ.

ಮೊದಲು ಗೇರ್‌ಬಾಕ್ಸಿನ ಕೆಲಸವೇನೆಂಬುದನ್ನು ನೆನೆಯೋಣ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ತೀರ ನಿಧಾನವಾಗಿ ತಿರುಗಿದರೆ ನಿಂತುಬಿಡುತ್ತದೆ. ಗಾಲಿಗಾದರೋ ಕೆಲವೊಮ್ಮೆ ಆಮೆಯ ವೇಗ ಬೇಕು, ಜೊತೆಗೆ ಆನೆಯ ಬಲವೂ ಬೇಕು. ಎಂಜಿನ್ನಿನ ಅನೇಕ ಸುತ್ತುಗಳನ್ನು ಗಾಲಿಯ ಒಂದು ಸುತ್ತಾಗಿ ಮಾರ್ಪಡಿಸಿ ವೇಗದ ಬದಲು ಬಲವನ್ನು ಕೊಡುವುದು ಹಲ್ಲುಚಕ್ರಗಳ ಕೆಲಸ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಮೂರು ಗೇರುಗಳ ಮ್ಯಾನ್ಯುಯಲ್ ಪೆಟ್ಟಿಗೆ, ಅದರ ಹಿಂದೆ ಎರಡು ಹಂತಗಳ ಟ್ರಾನ್ಸ್‌ಫರ್ ಕೇಸ್ ಇದ್ದವು. ಲೋ ರೇಂಜಿಗೆ ಹಾಕಿ ಒಂದನೇ ಗೇರಿನಲ್ಲಿ ಹೊರಟರೆ, ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ ಇಪ್ಪತ್ತೈದಕ್ಕೂ ಹೆಚ್ಚು ಸುತ್ತು ತಿರುಗುತ್ತಿತ್ತು. ಕೇವಲ 60 ಅಶ್ವಶಕ್ತಿಯ ಆ ಪುಟ್ಟ ಗಾಡಿ ಕಡಿದಾದ ಏರನ್ನು ಹತ್ತುತ್ತಿದ್ದುದರ ಗುಟ್ಟು ಇದೇ. ಆದರೆ ಅದರ ಒಂದನೇ ಗೇರಿಗೆ ಸಿಂಕ್ರೊಮೆಶ್ ಇರಲಿಲ್ಲ. ಚಲಿಸುತ್ತಿರುವಾಗಲೇ ಆ ಗೇರಿಗೆ ಇಳಿಸಬೇಕಾದರೆ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಎಂಜಿನ್ನಿನ ವೇಗವನ್ನು ಏರಿಸಿ, ಹಲ್ಲಿಗೆ ಹಲ್ಲು ಹೊಂದುವ ಕ್ಷಣವನ್ನು ಕಿವಿಯಿಂದಲೇ ಹಿಡಿಯಬೇಕಿತ್ತು. ಹಿಮದಲ್ಲಿ ಆ ಕ್ಷಣವೇ ಅಪಾಯದ್ದು. ಕ್ಲಚ್ ತುಳಿದೊಡನೆ ಗಾಲಿಗೆ ಬಲ ತಪ್ಪುತ್ತದೆ. ಏರಿನಲ್ಲಿರುವ ಗಾಡಿ ಅಷ್ಟರಲ್ಲೇ ನಿಂತುಬಿಡುತ್ತದೆ. ಮತ್ತೆ ಹೊರಡಿಸಲು ಹೋದರೆ ಗಾಲಿ ಇದ್ದಲ್ಲೇ ಸುತ್ತಿ ಹಿಮದಲ್ಲಿ ಗುಂಡಿ ತೋಡಿಕೊಳ್ಳುತ್ತದೆ.

ಈ ತೊಡಕಿಗೆ ಉತ್ತರ ಬಂದದ್ದು ಹಡಗುಕಟ್ಟೆಯಿಂದ. ಜರ್ಮನಿಯ ಎಂಜಿನಿಯರ್ ಹರ್ಮನ್ ಫಟಿಂಗರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಟರ್ಬೈನಿನ ಬಲವನ್ನು ಹಡಗಿನ ಪ್ರೊಪೆಲರಿಗೆ ದ್ರವದ ಮೂಲಕ ದಾಟಿಸುವ ಉಪಾಯವನ್ನು ಕಂಡುಹಿಡಿದ. ಎದುರುಬದುರಾಗಿ ಇಟ್ಟ ಎರಡು ಬೀಸಣಿಗೆಗಳಲ್ಲಿ ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವುದಷ್ಟೆ. ಗಾಳಿಯ ಜಾಗದಲ್ಲಿ ಎಣ್ಣೆಯಿದ್ದರೆ ಅದೇ ದ್ರವ ಜೋಡಣೆ. ಲೋಹಕ್ಕೆ ಲೋಹ ತಾಗದ ಈ ಜೋಡಣೆಯಲ್ಲಿ ಗಾಡಿ ನಿಂತರೂ ಎಂಜಿನ್ ನಿಲ್ಲುವುದಿಲ್ಲ. ಅಮೆರಿಕದ ಜನರಲ್ ಮೋಟರ್ಸ್ ಇದನ್ನು ತಾನಾಗಿ ಬದಲಾಗುವ ನಾಲ್ಕು ಗೇರುಗಳೊಂದಿಗೆ ಸೇರಿಸಿ ಹೈಡ್ರಾಮ್ಯಾಟಿಕ್ ಎಂಬ ಹೆಸರಿನಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಅರ್ಲ್ ಥಾಂಪ್ಸನ್. 1928ರ ಕ್ಯಾಡಿಲಾಕ್ ಕಾರಿಗೆ ಸಿಂಕ್ರೊಮೆಶ್ ಕೊಟ್ಟು ಮ್ಯಾನ್ಯುಯಲ್ ಗೇರನ್ನು ಸುಲಭಗೊಳಿಸಿದವನೂ ಈತನೇ. ಇಂದು ಎರಡು ಪಕ್ಷಗಳಾಗಿ ನಿಂತು ವಾದಿಸುವವರು ಗಮನಿಸಬೇಕಾದ ಸಂಗತಿಯಿದು. ಎರಡೂ ದಾರಿಗಳಲ್ಲಿ ಒಬ್ಬನೇ ನಡೆದಿದ್ದ.

ಯುದ್ಧ ಬಂದಾಗ ಈ ಕಾರಿನ ಸೌಕರ್ಯ ಟ್ಯಾಂಕನ್ನು ಸೇರಿತು. ಆ ಸೇರ್ಪಡೆಗೆ ಕಾರಣ ಸುಖವಲ್ಲ, ಕೊರತೆ. ಅಮೆರಿಕದ ಎಂ-3 ಸ್ಟುವರ್ಟ್ ಎಂಬ ಹಗುರ ಟ್ಯಾಂಕಿಗೆ ವಿಮಾನದ ಎಂಜಿನ್ನನ್ನು ಜೋಡಿಸುತ್ತಿದ್ದರು. ವಿಮಾನಗಳಿಗೇ ಎಂಜಿನ್ ಸಾಲದಾದಾಗ ಕ್ಯಾಡಿಲಾಕ್ ಸಂಸ್ಥೆ ತನ್ನ ಎರಡು ಕಾರ್ ಎಂಜಿನ್‌ಗಳನ್ನು, ಒಂದೊಂದಕ್ಕೂ ಒಂದೊಂದು ಹೈಡ್ರಾಮ್ಯಾಟಿಕ್ ಸಹಿತ, ಅದರೊಳಗೆ ಕೂಡಿಸಿಕೊಟ್ಟಿತು. 1942ರಲ್ಲಿ ತಯಾರಿಕೆ ಆರಂಭವಾದ ಈ ಮಾದರಿಯೇ ಎಂ-5 ಸ್ಟುವರ್ಟ್. ಇದರ ಲಾಭ ಏನೆಂದು ತಿಳಿಯಲು ಟ್ಯಾಂಕ್ ಚಾಲಕನ ಕೈಗಳನ್ನು ನೋಡಬೇಕು. ಅವನಿಗೆ ಸ್ಟೀರಿಂಗ್ ಚಕ್ರವಿಲ್ಲ, ಎಡಕ್ಕೊಂದು ಬಲಕ್ಕೊಂದು ಸನ್ನೆಗೋಲುಗಳಿವೆ. ಒಂದನ್ನು ಎಳೆದರೆ ಆ ಬದಿಯ ಪಟ್ಟಿ ನಿಧಾನವಾಗಿ ಟ್ಯಾಂಕು ಆ ಕಡೆಗೆ ತಿರುಗುತ್ತದೆ. ಎಂ-3ರಲ್ಲಿ ಈ ಎರಡು ಕೋಲುಗಳ ಜೊತೆಗೆ ಕ್ಲಚ್ಚು, ಐದು ಗೇರುಗಳ ಕೋಲು ಎಲ್ಲವನ್ನೂ ಅವನೇ ನಿಭಾಯಿಸಬೇಕಿತ್ತು. ಎಂ-5ರಲ್ಲಿ ಗೇರಿನ ಚಿಂತೆ ಯಂತ್ರದ್ದಾಯಿತು. ಎರಡು ಕೈಗಳೂ ದಾರಿಯ ಮೇಲೆಯೇ ಉಳಿದವು.

ಈಗ ಜೋಜಿಲಾಕ್ಕೆ ಬರೋಣ. ಕಾಶ್ಮೀರ ಕಣಿವೆಯನ್ನೂ ಲಡಾಖನ್ನೂ ಜೋಡಿಸುವ ಈ ದಾರಿ ಸುಮಾರು 11,500 ಅಡಿ ಎತ್ತರದಲ್ಲಿದೆ. 1948ರ ಬೇಸಿಗೆಯ ಹೊತ್ತಿಗೆ ಜೋಜಿಲಾ, ದ್ರಾಸ್, ಕಾರ್ಗಿಲ್ ಮೂರೂ ಆಕ್ರಮಣಕಾರರ ವಶವಾಗಿ ಲೇಹ್‌ಗೆ ಈ ನೆಲದ ಸಂಪರ್ಕ ಕಡಿದಿತ್ತು. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳು ನಡೆಸಿದ ದಾಳಿ ಎತ್ತರದ ಬಂಡೆಗಳಲ್ಲಿ ಅಡಗಿದ್ದ ಮೆಷಿನ್‌ಗನ್ನುಗಳ ಎದುರು ಫಲಿಸಲಿಲ್ಲ. ಚಳಿಗಾಲಕ್ಕೆ ಮುನ್ನ ದಾರಿ ತೆರೆಯದಿದ್ದರೆ ಲೇಹ್ ಕೈತಪ್ಪುವ ಭಯವಿತ್ತು. ಆಗ ಅಲ್ಲಿನ ಡಿವಿಜನ್ನಿನ ದಂಡನಾಯಕರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಬೇಕೆಂಬ, ಯಾರೂ ನಿರೀಕ್ಷಿಸದ ತೀರ್ಮಾನ ಅವರದು.

ಟ್ಯಾಂಕುಗಳು 7ನೇ ಲೈಟ್ ಕ್ಯಾವಲ್ರಿ ಪಡೆಯವು. ಸೈನಿಕ ಇತಿಹಾಸದ ಬರಹಗಳು ಅವನ್ನು ಎಂ-5 ಸ್ಟುವರ್ಟ್‌ಗಳೆಂದು ಗುರುತಿಸುತ್ತವೆ. ದಾರಿಯ ಸೇತುವೆಗಳು ಸುಮಾರು 15 ಟನ್ನಿನ ಭಾರ ತಾಳುವಂತಿರಲಿಲ್ಲ. ಹೀಗಾಗಿ ಟ್ಯಾಂಕುಗಳನ್ನು ಬಿಚ್ಚಿ, ಗೋಪುರಗಳನ್ನು ಕಳಚಿ, ಸೇತುವೆಗಳ ಮೇಲೆ ವಿಂಚಿನಿಂದ ಎಳೆದು ಸಾಗಿಸಿದರು. ಮುಂದೆ ಇದ್ದದ್ದು ಹೇಸರಗತ್ತೆಗಳು ನಡೆಯುವ ಕಾಲುದಾರಿ. ಅದನ್ನು ಅಗಲ ಮಾಡಿ ವಾಹನ ಹೋಗುವಂತೆ ಮಾಡಿದವರು ಮದರಾಸ್ ಸ್ಯಾಪರ್‌ಗಳ ಎರಡು ಕಂಪನಿಗಳವರು. ಬೆಂಗಳೂರಿನ ಹಲಸೂರು ಕೆರೆಯ ಮಗ್ಗುಲಲ್ಲಿ ಇಂದಿಗೂ ಕೇಂದ್ರವಿರುವ ಪಡೆಯದು. ನವೆಂಬರ್ 1ರಂದು, ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೋ’ ಅವರ ಮುಂದಾಳುತನದಲ್ಲಿ ಟ್ಯಾಂಕುಗಳು ಕಣಿವೆದಾರಿಯನ್ನು ಹೊಕ್ಕವು. ತಿಮ್ಮಯ್ಯನವರೂ ಟ್ಯಾಂಕೊಂದರಲ್ಲಿ ಮುಂಚೂಣಿಯಲ್ಲಿದ್ದರು. ಎದುರಾಳಿಗಳು ದಿಗ್ಭ್ರಮೆಗೊಂಡು ಮಾತಾಯಿನ್‌ವರೆಗೆ ಹಿಮ್ಮೆಟ್ಟಿದರು. ತಿಂಗಳು ಮುಗಿಯುವ ಮೊದಲೇ ಕಾರ್ಗಿಲ್ ಮರಳಿ ಕೈಸೇರಿ ಲೇಹ್‌ನ ದಾರಿ ತೆರೆಯಿತು.

ಈ ಗೆಲುವನ್ನು ಗೇರ್‌ಬಾಕ್ಸಿನ ಲೆಕ್ಕಕ್ಕೆ ಬರೆಯುವುದು ಹಾಸ್ಯಾಸ್ಪದವಾದೀತು. ಅದು ದಾರಿ ಕಡಿದವರ, ಬಂಡೆ ಹತ್ತಿದ ಕಾಲಾಳುಗಳ, ಟ್ಯಾಂಕಿನೊಳಗೆ ಮರಗಟ್ಟಿ ಕುಳಿತವರ ಗೆಲುವು. ಆದರೂ ಆ ಚಾಲಕನ ಸ್ಥಿತಿಯನ್ನು ಊಹಿಸಿಕೊಂಡರೆ ಯಂತ್ರದ ಪಾತ್ರ ಸ್ಪಷ್ಟವಾಗುತ್ತದೆ. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಎಂಜಿನ್ ತನ್ನ ಬಲದ ಸುಮಾರು ಮೂರನೇ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಬದಿಯಲ್ಲಿ ಪ್ರಪಾತ, ಕೆಳಗೆ ಹಿಮ, ಎದುರಿನಿಂದ ಗುಂಡು. ಇಂಥಲ್ಲಿ ಗೇರು ಬದಲಿಸಲು ಒಂದು ಕೈ ಬಿಡದೆ, ಬಲದ ಹರಿವು ಕಡಿಯದೆ ಮುಂದೆ ಸಾಗುವುದು ಸಣ್ಣ ಅನುಕೂಲವಲ್ಲ. ಅದೇ ದಾರಿಯಲ್ಲಿ ಮದ್ದುಗುಂಡು, ಆಹಾರ, ಗಾಯಾಳುಗಳನ್ನು ಹೊತ್ತು ಓಡಾಡಿದ ಜೀಪುಗಳಿಗೆ ಬೇಕಾದದ್ದು ಬೇರೆಯೇ. ಅವು ದಿನವೂ ಹತ್ತಬೇಕು, ದಿನವೂ ಇಳಿಯಬೇಕು, ಕೆಟ್ಟರೆ ದಾರಿಯ ಬದಿಯಲ್ಲೇ ರಿಪೇರಿಯಾಗಬೇಕು. ಇಳಿಜಾರಿನಲ್ಲಿ ಬ್ರೇಕಿಗಿಂತ ಒಂದನೇ ಗೇರಿನ ಹಿಡಿತವೇ ಜೀವರಕ್ಷಕ. ಆ ಗೇರು ಚಾಲಕನ ಅನುಮತಿಯಿಲ್ಲದೆ ತಾನಾಗಿ ಮೇಲಕ್ಕೆ ಬದಲಾಗುವುದಿಲ್ಲ ಎಂಬುದೇ ಅಲ್ಲಿ ಅದರ ದೊಡ್ಡ ಗುಣ.

ಮುಂದಿನ ದಶಕಗಳಲ್ಲಿ ನಮ್ಮ ಸೇನೆಯ ಬೆಟ್ಟದ ಸಂಗಾತಿಗಳಾದ ಮಹೀಂದ್ರಾ ಜೀಪು, ಜಬಲ್ಪುರದ ಜೋಂಗಾ, ಮಾರುತಿ ಜಿಪ್ಸಿ ಎಲ್ಲವೂ ಮ್ಯಾನ್ಯುಯಲ್ ಗೇರಿನವೇ. ಆಟೊಮ್ಯಾಟಿಕ್ ಜೋಜಿಲಾದಲ್ಲಿ ಸೋತದ್ದರಿಂದ ಹೀಗಾಯಿತೆಂದು ತಿಳಿಯಬಾರದು. ಎಣ್ಣೆಯ ಒತ್ತಡದಿಂದ ನಡೆಯುವ, ನವಿರಾದ ಕವಾಟಗಳಿರುವ ಪೆಟ್ಟಿಗೆಯನ್ನು ಬಿಚ್ಚಲು ಸ್ವಚ್ಛ ವರ್ಕ್‌ಶಾಪು, ತರಬೇತಿ ಪಡೆದ ಕೈ, ಬಿಡಿಭಾಗ ಬೇಕು. ಕ್ಲಚ್ ಪ್ಲೇಟನ್ನಾದರೆ ಊರೂರಿನ ಮೆಕ್ಯಾನಿಕ್ ಬದಲಿಸಬಲ್ಲ. ಅಮೆರಿಕದಲ್ಲಿ ಎಂಜಿನ್ನಿನ ಕೊರತೆ ಆಟೊಮ್ಯಾಟಿಕ್ಕನ್ನು ಟ್ಯಾಂಕಿಗೆ ತಂದಂತೆಯೇ, ನಮ್ಮಲ್ಲಿ ವರ್ಕ್‌ಶಾಪಿನ ದೂರ ಮ್ಯಾನ್ಯುಯಲ್ಲನ್ನು ಉಳಿಸಿತು. ಎರಡೂ ಕಡೆ ತೀರ್ಮಾನ ಮಾಡಿದ್ದು ಪರಿಸ್ಥಿತಿ, ಪ್ರತಿಷ್ಠೆಯಲ್ಲ.

2020ರ ಹೊಸ ಥಾರ್, 2023ರ ಜಿಮ್ನಿ ಎರಡೂ ಇಂದು ಎರಡೂ ಬಗೆಯ ಗೇರ್‌ಬಾಕ್ಸ್‌ಗಳಲ್ಲಿ ದೊರೆಯುತ್ತವೆ. ಆರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವುದು ಗಂಡುಮೆಟ್ಟಿನದು ಎಂಬುದಲ್ಲ, ನನ್ನ ಕೆಲಸದ ಯಾವ ಪಾಲನ್ನು ಯಂತ್ರಕ್ಕೆ ಒಪ್ಪಿಸಲಿ ಎಂಬುದು. ಹಿಮದ ಅಭ್ಯಾಸವಿಲ್ಲದೆ ವರ್ಷಕ್ಕೊಮ್ಮೆ ಏರುವವರಿಗೆ, ಕಣ್ಣು ಮತ್ತು ಕೈ ದಾರಿಯ ಮೇಲೆಯೇ ಇರುವುದು ಮುಖ್ಯ. ಅವರಿಗೆ ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ನಿಜವಾದ ನೆರವು. ಆದರೆ ಆಟೊಮ್ಯಾಟಿಕ್ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಅಗ್ಗದ ಕಾರುಗಳಲ್ಲಿರುವ ಎಎಂಟಿ ಎಂಬುದು ಸಾಮಾನ್ಯ ಕ್ಲಚ್ಚನ್ನೇ ಮೋಟರಿನಿಂದ ತುಳಿಸುವ ಏರ್ಪಾಡು. ಗೇರು ಬದಲಾಗುವಾಗ ಅದರಲ್ಲಿಯೂ ಬಲ ಕಡಿಯುತ್ತದೆ. ಇಳಿಯುವಾಗ ಆಟೊಮ್ಯಾಟಿಕ್ಕನ್ನು ‘ಡಿ’ಯಲ್ಲಿ ಬಿಟ್ಟು ಬ್ರೇಕನ್ನೇ ನಂಬಿದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳಬಹುದು. ಕೆಳಗಿನ ಗೇರನ್ನು ಕೈಯಿಂದಲೇ ಹಾಕಿ ಹಿಡಿದಿಡಬೇಕು. ಪ್ಯಾಂಗಾಂಗ್‌ನಿಂದಲೂ ಆಚೆ, ದಿನಗಟ್ಟಲೆ ವರ್ಕ್‌ಶಾಪು ಕಾಣದ ಕಡೆಗೆ ಹೋಗುವವರು, ಕ್ಲಚ್ ಬಳಕೆಯಲ್ಲಿ ಪಳಗಿದವರು ಮ್ಯಾನ್ಯುಯಲ್ ಆರಿಸಿದರೆ ಅದು ಹಳೆಯ ಕಾಲದ ಹಟವಲ್ಲ, ಜೀಪಿನ ಚಾಲಕರು ಕಲಿಸಿದ ಪಾಠ.

ಆ ನವೆಂಬರ್‌ನಲ್ಲಿ ಟ್ಯಾಂಕು ಮತ್ತು ಜೀಪು ಒಂದರ ಹಿಂದೆ ಒಂದು ಅದೇ ಹಿಮವನ್ನು ತುಳಿದವು. ಟ್ಯಾಂಕಿಲ್ಲದೆ ದಾರಿ ತೆರೆಯುತ್ತಿರಲಿಲ್ಲ, ಜೀಪಿಲ್ಲದೆ ತೆರೆದ ದಾರಿ ಉಳಿಯುತ್ತಿರಲಿಲ್ಲ. ಯಾವ ಗೇರು ಮೇಲು ಎಂದು ಅಂದು ಯಾರೂ ವಾದಿಸಿರಲಾರರು. ಹೇಸರಗತ್ತೆಯ ಜಾಡನ್ನು ಸ್ಯಾಪರ್‌ಗಳು ಅಗಲ ಮಾಡುವವರೆಗೆ ಎರಡಕ್ಕೂ ಅಲ್ಲಿ ದಾರಿಯೇ ಇರಲಿಲ್ಲ.